ನಾಲ್ಕು ಮೂಲೆಯ ಪರೀಕ್ಷೆ

ಮಾರುಕಟ್ಟೆ ಕಟ್ಟಡದಲ್ಲಿ ಮೇಲಂತಸ್ತಿಗೆ ಹೋಗುವ ಮೆಟ್ಟಿಲ ಕೆಳಗೆ ಒಂದು ಗೂಡು ಇದೆ. ಎದ್ದು ನಿಂತರೆ ತಲೆ ತಾಗುತ್ತದೆ, ಕೂತರೆ ಸರಿಹೋಗುತ್ತದೆ. ಅಲ್ಲಿ ಕೂತು ತಕ್ಕಡಿ ರಿಪೇರಿ ಮಾಡುವವನನ್ನು ಎಲ್ಲರೂ ತೂಕದವನು ಎಂದೇ ಕರೆಯುತ್ತಾರೆ. ಅವನ ಎದುರಿನ ಗೋಡೆಗೆ ತಾಗಿಸಿಟ್ಟ ಹೊಲಿಗೆ ಯಂತ್ರ ನನ್ನದು. ಕೈಚೀಲ ಹೊಲಿಯುತ್ತೇನೆ. ಇಪ್ಪತ್ತಾರು ವರ್ಷದಿಂದ ನನ್ನ ಮುಖ ಅವನಿಗೆ, ಅವನ ಮುಖ ನನಗೆ. ವಯಸ್ಸಿನಲ್ಲಿ ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು, ದೊಡ್ಡಮ್ಮ ಎನ್ನುತ್ತಾನೆ. ದಿನಕ್ಕೆ ಹತ್ತು ಮಾತು ಆಡಿದರೆ ಅವತ್ತು ತುಂಬ ಮಾತಾಡಿದ ಹಾಗೆ.

ಅವನು ತಕ್ಕಡಿ ನೋಡುವ ಕ್ರಮವನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೊದಲು ಖಾಲಿ ಬಿಟ್ಟು ನೋಡುತ್ತಾನೆ, ಮುಳ್ಳು ಸೊನ್ನೆಯಲ್ಲಿ ನಿಲ್ಲಬೇಕು. ಆಮೇಲೆ ಸಣ್ಣ ತೂಕದ ಬಟ್ಟು, ಆಮೇಲೆ ಅದಕ್ಕಿಂತ ದೊಡ್ಡದು. ಇಟ್ಟದ್ದನ್ನು ತೆಗೆದ ಮೇಲೆ ಮುಳ್ಳು ಮತ್ತೆ ಸೊನ್ನೆಗೆ ಬರುತ್ತದೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ಕಾಯುತ್ತಾನೆ. ಮೂಟೆ ತೂಗುವ ದೊಡ್ಡ ತಕ್ಕಡಿ ಬಂದರೆ ಅಷ್ಟು ಭಾರದ ಬಟ್ಟು ಅವನ ಹತ್ತಿರ ಇಲ್ಲ, ಇರುವುದರಲ್ಲಿ ದೊಡ್ಡದೆಂದರೆ ಇಪ್ಪತ್ತು ಕಿಲೋದ್ದು. ಅದಕ್ಕೆ ಅವನಿಗೆ ಕೆಲಸ ಕಲಿಸಿದ ಮುದುಕ ಒಂದು ಉಪಾಯ ಹೇಳಿಕೊಟ್ಟಿದ್ದನಂತೆ. ಆ ಇಪ್ಪತ್ತರ ಬಟ್ಟನ್ನೇ ಹಲಗೆಯ ನಾಲ್ಕು ಮೂಲೆಗೂ ಒಂದೊಂದು ಸಲ ಇಡುವುದು. ನಾಲ್ಕು ಕಡೆಯೂ ಒಂದೇ ತೂಕ ತೋರಿಸಿದರೆ ಮೂಟೆಗೂ ಸರಿಯಾಗಿಯೇ ತೋರಿಸುತ್ತದೆ ಎಂದು ಲೆಕ್ಕ. ಆ ಲೆಕ್ಕ ಅವನ ಕೈಯಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ನಾಲ್ಕು ಮೂಲೆ ಸರಿ ಇದೆ ಎಂದು ಅವನು ಅಂದರೆ ಅಂಗಡಿಯವರು ಎರಡನೇ ಮಾತಿಲ್ಲದೆ ತಕ್ಕಡಿ ಹೊತ್ತುಕೊಂಡು ಹೋಗುತ್ತಿದ್ದರು.

ಹೀಗಾಗಿ ತಕ್ಕಡಿಯಲ್ಲದ ವಿಷಯಗಳೂ ಅವನ ಗೂಡಿಗೆ ಬರುತ್ತಿದ್ದವು. ಯಾವ ಬೀಗ ಗಟ್ಟಿ, ಯಾವ ಪಂಪು ಬಾಳಿಕೆ ಬರುತ್ತದೆ, ಹೀಗೆ. ತರಕಾರಿಯಾಕೆ ಮಗಳಿಗೆ ನೋಡಿದ್ದ ಗಂಡಿನ ವಿಷಯವನ್ನೂ ಕೇಳಿದ್ದಳು. ಅವನು ಅರ್ಧ ದಿನ ಯೋಚಿಸಿ, ಆ ಹುಡುಗ ಕೇಳಿ ತಗೊಂಡ ಛತ್ರಿ ವಾಪಸು ಕೊಡುತ್ತಾನಾ ಅಂತ ಅಕ್ಕಪಕ್ಕದಲ್ಲಿ ವಿಚಾರಿಸಿ ಎಂದನಂತೆ. ಕೊಡುತ್ತಾನೆ ಎಂದು ತಿಳಿಯಿತು, ಮದುವೆಯಾಯಿತು, ಚೆನ್ನಾಗಿಯೇ ಇದ್ದಾರೆ.

ಇವನನ್ನು ರೇಗಿಸುವವನು ಒಬ್ಬನೇ, ಮೂರನೇ ಅಂಗಡಿಯ ಮೊಟ್ಟೆಯವನು. ಮೊಟ್ಟೆಯನ್ನು ಎಣಿಸಿ ಮಾರುವುದು, ತೂಗುವುದಲ್ಲ. ಇಡೀ ಮಾರುಕಟ್ಟೆಯಲ್ಲಿ ತಿನ್ನುವ ಪದಾರ್ಥ ಮಾರಿಯೂ ತಕ್ಕಡಿ ಇಲ್ಲದ ಅಂಗಡಿ ಅವನದೊಂದೇ. ನನಗೂ ನಿನಗೂ ವ್ಯವಹಾರ ಇಲ್ಲ, ಅದಕ್ಕೇ ಸ್ನೇಹ ಉಳಿದಿದೆ ಎನ್ನುತ್ತಿದ್ದ.

ತೂಕದವನಿಗೆ ಮದುವೆಯಾಗಿಲ್ಲ. ಏಳು ವರ್ಷ ದೊಡ್ಡವಳಾದ ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಾನೆ. ಅಕ್ಕನ ಗಂಡ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ. ಆಮೇಲೆ ಅವಳು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿ ಮೂವತ್ತೊಂದು ವರ್ಷ ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಮಾಡಿದಳು. ಆ ಕೆಲಸ ನಿಂತು ಮಾಡುವುದು. ಇಸ್ತ್ರಿಯ ಉರುಳೆಗೆ ಬಟ್ಟೆಯ ತುದಿ ಕೊಡುವವಳು ಒಬ್ಬಳು, ಆಚೆ ಕಡೆ ಹಿಡಿದು ಎಳೆಯುವವಳು ಒಬ್ಬಳು. ಇವಳು ಎಳೆಯುವವಳು. ಮಂಡಿ ಎರಡೂ ಊದಿಕೊಂಡಿದ್ದವು. ಕೆಲಸ ಮುಗಿದಾಗ ಕೈಗೆ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಬಂತು. ಅದನ್ನು ಬ್ಯಾಂಕಿನಲ್ಲಿಟ್ಟು, ತಿಂಗಳ ಖರ್ಚಿಗೆಂದು ಮತ್ತೆ ಒಂದು ಹಾಸ್ಟೆಲಿನಲ್ಲಿ ಅದೇ ಇಸ್ತ್ರಿಗೆ ನಿಂತಳು. ಆರು ಸಾವಿರ ಕೊಡುತ್ತಿದ್ದರು.

ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಒಂದು ಸಲ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿದ್ದಳು, ಆ ಆರು ಸಾವಿರ ಹೇಗಾದರೂ ತಾನಾಗಿಯೇ ಬಂದುಬಿಟ್ಟರೆ ನಾನು ಕೂತುಬಿಡುತ್ತೇನೆ ಎಂದು. ಊರು ಸುತ್ತಬೇಕು ಅನ್ನಲಿಲ್ಲ, ಒಡವೆ ಬೇಕು ಅನ್ನಲಿಲ್ಲ. ಕೂರಬೇಕು ಅಷ್ಟೆ.

ಆಸ್ಪತ್ರೆಯ ಹಳೆಯ ಜೊತೆಗಾರ್ತಿಯೊಬ್ಬಳು ಫೋನಿನ ಗುಂಪಿಗೆ ಒಂದು ಆ್ಯಪ್ ಕಳಿಸಿದಳು. ಅದರಲ್ಲಿ ದುಡ್ಡು ಹಾಕಿದರೆ ಅವರು ಎಲ್ಲೆಲ್ಲೋ ಷೇರು ಕೊಂಡು ಮಾರಿ ಲಾಭ ಕೊಡುತ್ತಾರಂತೆ. ಅದರ ಹಿಂದೆಯೇ ಸಲಹೆಗಾರ್ತಿ ಎಂದು ಹೇಳಿಕೊಂಡು ಒಂದು ಹುಡುಗಿ ಫೋನು ಮಾಡಿದಳು. ಮಾತು ಮೃದು, ಆತುರವಿಲ್ಲ. ನಿಮಗೆ ಅರ್ಥವಾಗುವವರೆಗೆ ಹಾಕಬೇಡಿ ಎಂದು ಅವಳೇ ಹೇಳಿದಳಂತೆ. ಅಕ್ಕ ಫೋನನ್ನು ತಂದು ತಮ್ಮನ ಮುಂದಿಟ್ಟು, ನೀನು ನೋಡಿ ಹೇಳು, ನೀನು ಸರಿ ಅಂದರೆ ಸರಿ, ಇಲ್ಲ ಅಂದರೆ ಇಲ್ಲ ಎಂದಳು.

ಅವನು ಒಂದೇ ಏಟಿಗೆ ಒಪ್ಪಿದವನಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಪನಿಯ ವಿಳಾಸ ಕೇಳಿದ, ಕಳಿಸಿದರು. ಸರ್ಕಾರದ ಪರವಾನಗಿ ಕೇಳಿದ, ಅದರ ಫೋಟೋ ಕಳಿಸಿದರು. ಮುದ್ರೆ ಅಳಿಸಿಲ್ಲ, ಅಂಚು ಸವೆದಿಲ್ಲ ಎಂದು ಕನ್ನಡಕ ಏರಿಸಿ ನೋಡಿದ. ಜೀವನವಿಡೀ ಮುದ್ರೆ ನೋಡಿದವನಿಗೆ ಒಳ್ಳೆಯ ಮುದ್ರೆ ಕಂಡರೆ ಅರ್ಧ ಸಂಶಯ ಹೋಗುತ್ತದೆ. ಆ ವಿಳಾಸಕ್ಕೆ ಹೋಗಿ ನೋಡಿದವರು ಯಾರಾದರೂ ಇದ್ದಾರಾ ಎಂದು ಮಾತ್ರ ಅವನು ಕೇಳಲಿಲ್ಲ. ಕಾಗದ ಸರಿಯಿದೆ, ಇನ್ನು ತೂಗಿ ನೋಡಬೇಕು ಎಂದ.

ತೂಗಿದ್ದು ಹೀಗೆ. ನಾಲ್ಕು ಫೋನು ಆರಿಸಿಕೊಂಡ. ಅವನದೊಂದು, ಅಕ್ಕನದೊಂದು, ಮೊಟ್ಟೆಯವನದೊಂದು, ನನ್ನದೊಂದು. ನಾಲ್ಕರಲ್ಲೂ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಒಂದೊಂದು ಸಾವಿರ ಹಾಕಿದ. ನಾಲ್ಕೂ ಅವನದೇ ದುಡ್ಡು. ಹತ್ತು ದಿನ ಬಿಟ್ಟು ಒಂದೊಂದಾಗಿ ವಾಪಸು ಕೇಳಿದ.

ಮೊಟ್ಟೆಯವನು ತನ್ನ ಫೋನನ್ನು ಕೊಡುವಾಗ, "ತೂಕದ ಸಾಹೇಬರೇ, ನನ್ನದು ಯಾವ ಮೂಲೆ? ಬಾಗಿಲ ಕಡೇದಾ, ಮೋರಿ ಕಡೇದಾ?" ಎಂದ.

"ಬಾಯಿ ಇಲ್ಲದ ಮೂಲೆ" ಎಂದು ಇವನು ಫೋನು ತಗೊಂಡ.

ನಾಲ್ಕು ಫೋನಿಗೂ ಸಾವಿರದ ಅರವತ್ತು ಬಂತು. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಫೋನಿಗೆ ಬಂದಾಗ ಅವನು ಮೇಜಿನ ಮೇಲಿದ್ದ ಬಟ್ಟೆಯಿಂದ ಕೈ ಒರೆಸಿಕೊಂಡ. ಕೆಲಸ ಮುಗಿದಾಗ ಹಾಗೆ ಮಾಡುವುದು ಅವನ ರೂಢಿ. ಆ ಸಂಜೆ ಅಕ್ಕ ಹಾಸ್ಟೆಲಿನಿಂದ ಕಾಲೆಳೆಯುತ್ತ ಬಂದಾಗ, ನಾಲ್ಕು ಮೂಲೆಯೂ ಸರಿ ಇದೆ ಎಂದ.

ಅಕ್ಕ ಮೂರು ಲಕ್ಷ ಹಾಕಿದಳು. ಒಂದು ಲಕ್ಷ ಇಪ್ಪತ್ತು ಸಾವಿರವನ್ನು, ಮಂಡಿಗೆ ಮುಂದೊಂದು ದಿನ ಬೇಕಾದೀತು ಎಂದು ಬ್ಯಾಂಕಿನಲ್ಲೇ ಬಿಟ್ಟಳು. ಮೊಟ್ಟೆಯವನು ನಮಗೆ ಯಾರಿಗೂ ಹೇಳದೆ ಅರವತ್ತು ಸಾವಿರ ಹಾಕಿದ್ದ. ಮಾರುಕಟ್ಟೆಯಲ್ಲಿ ಇನ್ನೂ ಏಳೆಂಟು ಜನ ಗೂಡಿಗೆ ಬಂದು, ಅದು ಹೇಗಿದೆ ಎಂದು ಕೇಳಿ ಹೋದರು. ಅವರಿಗೂ ಅದೇ ಮಾತು ಹೇಳಿದ್ದ.

ಮೊದಲ ತಿಂಗಳು ಆರು ಸಾವಿರ ಬಂತು. ಅಕ್ಕ ಹಾಸ್ಟೆಲಿನವರಿಗೆ, ಮುಂದಿನ ತಿಂಗಳಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿಬಿಟ್ಟಳು. ಎರಡನೇ ತಿಂಗಳಿಗೆ ಫೋನಿನಲ್ಲಿ ಅವಳ ಮೂರು ಲಕ್ಷ ಐದೂವರೆ ಲಕ್ಷವೆಂದು ಕಾಣುತ್ತಿತ್ತು. ಮಾರುಕಟ್ಟೆಗೆ ಬಂದರೆ ಮೊದಲು ಅದನ್ನು ತೆಗೆದು ನನಗೆ ತೋರಿಸುತ್ತಿದ್ದಳು. ನನಗೆ ಅಂಕಿ ಓದಲು ಬರುತ್ತದೆ, ಅದರಾಚೆ ಏನೂ ಗೊತ್ತಾಗುವುದಿಲ್ಲ. ಚೆನ್ನಾಗಿದೆಯಮ್ಮ ಎನ್ನುತ್ತಿದ್ದೆ.

ತೂಕದವನಿಗೆ ಮಾತ್ರ ಒಳಗೊಳಗೇ ಏನೋ ಚುಚ್ಚತೊಡಗಿತ್ತು. ಒಂದು ದಿನ ಮಧ್ಯಾಹ್ನ ಹಳೆಯ ತಕ್ಕಡಿಯೊಂದರ ಮುಳ್ಳನ್ನು ಬೆರಳಿನಿಂದ ತಟ್ಟುತ್ತ ಕೂತಿದ್ದವನು, "ದೊಡ್ಡಮ್ಮ, ಅಕ್ಕನ ಫೋನಿನ ಆ ನಂಬರ್ ಒಂದು ದಿನಾನೂ ಕೆಳಗಿಳಿದಿಲ್ಲ" ಎಂದ.

ಇಳಿಯದಿದ್ದರೆ ಒಳ್ಳೆಯದಲ್ಲವೇ ಎಂದೆ.

"ಜೀವ ಇರೋ ಮುಳ್ಳು ನಡುಗುತ್ತೆ. ಗಾಳಿ ಬಂದರೂ ನಡುಗುತ್ತೆ, ಲಾರಿ ಹೋದರೂ ನಡುಗುತ್ತೆ. ನಡುಗಲಿಲ್ಲ ಅಂದ್ರೆ ಎಲ್ಲೋ ಕಚ್ಚಿಕೊಂಡಿದೆ ಅಂತ."

ಮರುದಿನ ಅಕ್ಕನಿಗೆ ಅರ್ಧ ದುಡ್ಡು ತೆಗೆದುಬಿಡು ಎಂದ. ಅವಳು ಫೋನು ಮಾಡಿ ವಾಪಸು ಕೇಳಿದಳು. ಆ ಹುಡುಗಿ ಎಂದಿನಂತೆ ಮೃದುವಾಗಿಯೇ ಹೇಳಿದಳು: ದೊಡ್ಡ ಮೊತ್ತವಾದ್ದರಿಂದ ಖಾತೆಗೆ ತೆರಿಗೆ ಬಿದ್ದಿದೆ, ನೂರಕ್ಕೆ ಇಪ್ಪತ್ತು, ಒಂದು ಲಕ್ಷ ಹತ್ತು ಸಾವಿರ. ಅದನ್ನು ಮೊದಲು ಕಟ್ಟಬೇಕು. ನಾಳೆ ಸಂಜೆಯೊಳಗೆ ಕಟ್ಟಿದರೆ ಐದೂವರೆ ಲಕ್ಷವೂ ಒಟ್ಟಿಗೆ ಬರುತ್ತದೆ, ಕಟ್ಟದಿದ್ದರೆ ಖಾತೆಗೆ ಬೀಗ.

ಅಕ್ಕನ ಹತ್ತಿರ ಉಳಿದಿದ್ದದ್ದು ಒಂದು ಲಕ್ಷ ಇಪ್ಪತ್ತು.

ಅವಳಿಗೆ ಇದರಲ್ಲಿ ಅನುಮಾನವೇ ಬರಲಿಲ್ಲ. ಆಸ್ಪತ್ರೆಯಲ್ಲೂ ದುಡ್ಡು ಕೈಗೆ ಬರುವ ಮೊದಲು ಏನೇನೋ ಹಿಡಿದಿದ್ದರು, ಸರ್ಕಾರ ಅಂದಮೇಲೆ ಬಿಡುತ್ತದೆಯೇ ಎಂದಳು. ಬೆಳಿಗ್ಗೆ ಬ್ಯಾಂಕಿಗೆ ಜೊತೆಗೆ ಬನ್ನಿ ಎಂದು ನನ್ನನ್ನು ಕರೆದಳು. ಒಪ್ಪಿಕೊಂಡೆ.

ಆ ಬೆಳಿಗ್ಗೆ ತೂಕದವನು ಗೂಡಿಗೆ ಬಂದು ಒಂದು ತಕ್ಕಡಿಯನ್ನೂ ಬಿಚ್ಚಲಿಲ್ಲ. ಕಣ್ಣು ಕೆಂಪಗಿದ್ದವು. ನಾನು ಚೀಲದ ಹಿಡಿಕೆ ಹೊಲಿಯುತ್ತಿದ್ದೆ. ಎರಡನೇ ಹಿಡಿಕೆಗೆ ಬಂದಾಗ ಅವನು ಹೇಳಿದ.

"ಇಟ್ಟಿರೋ ತೂಕ ಇಳಿಸೋದಕ್ಕೆ ಮೊದಲು ಇನ್ನೊಂದು ತೂಕ ಇಡು ಅನ್ನೋ ತಕ್ಕಡಿ ನಾನು ನೋಡಿಲ್ಲ ದೊಡ್ಡಮ್ಮ."

ಯಂತ್ರ ನಿಲ್ಲಿಸಿದೆ.

ಹೋಯಿತು, ಮೂರು ಲಕ್ಷವೂ ಹೋಯಿತು ಎಂದ. ಇನ್ನು ಇದನ್ನು ಅಕ್ಕನಿಗೆ ಹೇಳಬೇಕು. ಹೇಳಿದರೆ, ನಾನು ನೋಡಿದ್ದು ತಪ್ಪು ಎಂದೂ ಹೇಳಬೇಕು. ಆ ಮಾತನ್ನು ಅವನು ಈ ವಯಸ್ಸಿನವರೆಗೆ ಯಾರಿಗೂ ಹೇಳಿರಲಿಲ್ಲ, ಹೇಳುವ ಪ್ರಸಂಗವೇ ಬಂದಿರಲಿಲ್ಲ. ಅವನ ನೋಟ ತಪ್ಪುವುದಿಲ್ಲ ಎಂಬ ನಂಬಿಕೆ, ಅವನ ಹತ್ತಿರ ಇದ್ದದ್ದು ಅದೊಂದೇ. ಗೂಡಿನ ಬಾಡಿಗೆ, ಊಟ, ಜನರ ಮರ್ಯಾದೆ, ಎಲ್ಲ ಅದರ ಮೇಲೆಯೇ ನಿಂತಿತ್ತು.

ಬ್ಯಾಂಕು ಹತ್ತಕ್ಕೆ ತೆರೆಯುತ್ತದೆ, ಎದ್ದೇಳು ಅಂದೆ. ಬೇರೆ ಏನು ಹೇಳಲಿ.

ನಾವು ಮನೆಗೆ ಹೋದಾಗ ಅಕ್ಕ ಚಪ್ಪಲಿ ಮೆಟ್ಟಿಕೊಂಡು, ಪಾಸ್‌ಬುಕ್ ಚೀಲಕ್ಕೆ ಹಾಕಿಕೊಂಡು ಹೊರಗಿನ ಕೋಣೆಯಲ್ಲಿ ನಿಂತಿದ್ದಳು. ತಮ್ಮನನ್ನು ಕಂಡು ನೀನ್ಯಾಕೆ ಬಂದೆ, ಅಂಗಡಿ ಯಾರು ನೋಡುತ್ತಾರೆ ಎಂದಳು.

"ಕಟ್ಟಬೇಡಕ್ಕಾ" ಎಂದ ಅವನು.

"ಯಾಕೆ?"

"ಅದು ಮೋಸ."

ಅಕ್ಕ ಅವನ ಮುಖವನ್ನೇ ನೋಡಿದಳು. "ನೀನೇ ತಾನೇ ಹೇಳಿದ್ದು, ನಾಲ್ಕು ಮೂಲೆ ಸರಿ ಇದೆ ಅಂತ?"

"ಹೇಳಿದ್ದೆ."

"ನಾಲ್ಕು ಫೋನಿಗೂ ಬಂತು ತಾನೇ?"

"ಬಂತು. ನಾನು ನೋಡಿದ ರೀತಿನೇ ತಪ್ಪು."

ಅವಳಿಗೆ ಸಿಟ್ಟು ಬಂತು. ಹಾಗಾದರೆ ಆವತ್ತು ತಪ್ಪೋ, ಇವತ್ತು ತಪ್ಪೋ, ಯಾವುದನ್ನು ನಂಬಲಿ ಎಂದಳು. ಮೂರು ಲಕ್ಷ ಹಾಕುವಾಗ ಸರಿ, ಐದೂವರೆ ಬರುವ ಹೊತ್ತಿಗೆ ತಪ್ಪು, ನಿನಗೆ ಅಷ್ಟು ಹೆದರಿಕೆಯಾದರೆ ಬಾಗಿಲು ಹಾಕಿಕೊಂಡು ಮಲಗು ಎಂದಳು. ಅಕ್ಕ ತಮ್ಮನಿಗೆ ಹಾಗೆಲ್ಲ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಳು ಪೂರ್ತಿ ಹೇಳಿ ಮುಗಿಸುವವರೆಗೆ ಕಾದ.

"ಅಕ್ಕಾ, ತಕ್ಕಡಿಗೆ ಆಸೆ ಇರಲ್ಲ. ಅದು ಒಂದು ಕಿಲೋಗೂ ಹೇಳೋದು ಅದೇ ಮಾತು, ಒಂದು ಮೂಟೆಗೂ ಹೇಳೋದು ಅದೇ ಮಾತು. ಇದರೊಳಗೆ ಯಾರೋ ಕೂತಿದ್ದಾರೆ. ಸಾವಿರ ಇಟ್ಟಾಗ, ಇದು ಬೇಡ, ಹಿಂದೆ ಮೂಟೆ ಬರುತ್ತೆ ಅಂತ ಕೂತಲ್ಲಿಂದಲೇ ನೋಡಿ ಬಿಟ್ಟುಕೊಟ್ಟಿದ್ದಾರೆ. ಅದು ನನ್ನ ತಲೆಗೆ ಹೋಗಲೇ ಇಲ್ಲ."

ಅಕ್ಕ ಚೀಲವನ್ನು ಕೆಳಗಿಡಲಿಲ್ಲ.

"ಒಂದು ಕೆಲಸ ಮಾಡು" ಎಂದ. "ಆ ಹುಡುಗಿಗೆ ನೀನೇ ಫೋನು ಮಾಡು. ಲಾಭ ಎಲ್ಲ ನೀವೇ ಇಟ್ಕೊಳ್ಳಿ, ತೆರಿಗೆನೂ ಅದರಲ್ಲೇ ಹಿಡ್ಕೊಳ್ಳಿ, ನಾನು ಹಾಕಿದ್ದು ಕೊಡಿ ಸಾಕು ಅನ್ನು. ಕೊಟ್ಟರೆ ನಾನು ಸುಳ್ಳು."

ಅಕ್ಕ ಮಾಡಿದಳು. ಫೋನಿನ ದನಿ ನಮಗೂ ಕೇಳುವ ಹಾಗೆ ಇಟ್ಟಳು. ಹುಡುಗಿ ತಕ್ಷಣ ಎತ್ತಿದಳು, ಕಾಯುತ್ತಲೇ ಇದ್ದಳೇನೋ. ಅಕ್ಕ ಹೇಳಬೇಕಾದ್ದನ್ನು ಹೇಳಿದಳು. ಆ ಕಡೆ ಹುಡುಗಿಯ ಹಿಂದೆ ಇನ್ನೂ ಅಂಥದೇ ನಾಲ್ಕೈದು ದನಿಗಳು ಬೇರೆ ಯಾರಿಗೋ ಮಾತಾಡುವುದು ಕೇಳಿಸುತ್ತಿತ್ತು. ಆಮೇಲೆ ಹುಡುಗಿ, ಅಮ್ಮಾ ಹಾಗೆ ಆಗೋದಿಲ್ಲ, ಸಿಸ್ಟಮ್‌ನಲ್ಲಿ ಅದಕ್ಕೆ ಜಾಗ ಇಲ್ಲ ಎಂದಳು. ಅರ್ಧವಾದರೂ ಕೊಡು ಎಂದಳು ಅಕ್ಕ. ಆಗೋದಿಲ್ಲ. ಐವತ್ತು ಸಾವಿರ? ಅದೂ ಆಗೋದಿಲ್ಲ. ಮೊದಲು ತೆರಿಗೆ ಕಟ್ಟಿ ಅಮ್ಮಾ, ಸಂಜೆ ಐದರೊಳಗೆ. ಬೇಕಾದರೆ ಅರ್ಧ ತೆರಿಗೆ ಈಗ ಕಟ್ಟಿ, ನಾನು ಮೇಲಿನವರ ಹತ್ತಿರ ಮಾತಾಡುತ್ತೇನೆ.

ನಾವು ಕಟ್ಟುವುದು ಅರ್ಧವಾದರೂ ಆಗುತ್ತದೆ, ಅವರು ಕೊಡುವುದು ಅರ್ಧವೂ ಆಗುವುದಿಲ್ಲ. ಅದು ಅಕ್ಕನಿಗೆ ತಾಗಿತು. ಫೋನು ಇಟ್ಟಳು. ಚಪ್ಪಲಿ ಬಿಟ್ಟಳು. ಗೋಡೆ ಹಿಡಿದು ನಿಧಾನವಾಗಿ ನೆಲದ ಮೇಲೆ ಕೂತಳು.

"ಕೂರಬೇಕು ಕೂರಬೇಕು ಅಂತಿದ್ದೆ. ಕೂತೆ ನೋಡು" ಎಂದಳು.

ತಮ್ಮನೂ ಕೂತ. ನಾನೂ ಕೂತೆ. ಬ್ಯಾಂಕಿಗೆ ಯಾರೂ ಹೋಗಲಿಲ್ಲ.

ಮಧ್ಯಾಹ್ನ ಅಕ್ಕ ತಮ್ಮ ಇಬ್ಬರೂ ಪೊಲೀಸ್ ಠಾಣೆಗೆ ಹೋದರು. ಅಲ್ಲಿ ಕೂತಿದ್ದವನು ಮುಖ ಎತ್ತದೆ ಒಂದು ಅರ್ಜಿ ಮುಂದೆ ತಳ್ಳಿದನಂತೆ. ಇವತ್ತು ನೀವು ಐದನೆಯವರು ಎಂದನಂತೆ. ದುಡ್ಡು ಹೋದ ಮೊದಲ ಗಂಟೆಗಳಲ್ಲಿ ಬಂದಿದ್ದರೆ ತಡೆಯಬಹುದಿತ್ತೋ ಏನೋ, ಈಗ ಅದು ಎಷ್ಟು ಕೈ ದಾಟಿದೆಯೋ ಎಂದು ಬರೆಯುತ್ತಲೇ ಹೇಳಿದ. ಪರವಾನಗಿಯ ಫೋಟೋದಲ್ಲಿದ್ದ ನಂಬರನ್ನು ಅವನೇ ತನ್ನ ಕಂಪ್ಯೂಟರಿನಲ್ಲಿ ಹಾಕಿ ನೋಡಿದ. ಆ ನಂಬರು ನಿಜ, ಆದರೆ ಬೇರೊಂದು ಕಂಪನಿಯದು. ಎರಡು ನಿಮಿಷದ ಕೆಲಸ. ಅದನ್ನು ತೂಕದವನು ನನಗೆ ಹೇಳುವಾಗ, ದುಡ್ಡು ಹೋದದ್ದಕ್ಕಿಂತ ಹೆಚ್ಚು ಇದಕ್ಕೇ ಸೊರಗಿದ್ದ. ಮೂರು ವಾರ ತೂಗಿದೆ, ಎರಡು ನಿಮಿಷ ನೋಡಲಿಲ್ಲ ಎಂದ.

ತಕ್ಕಡಿ ರಿಪೇರಿಯ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ರಿಪೇರಿಯಾದ ತಕ್ಕಡಿಗೆ ದಾರ ಕಟ್ಟಿ ಸೀಸದ ಮುದ್ರೆ ಒತ್ತುತ್ತಾರೆ. ಆಮೇಲೆ ಅದು ತಪ್ಪು ತೋರಿಸುತ್ತದೆ ಎಂದು ಗೊತ್ತಾದರೆ, ಒತ್ತಿದವನೇ ಅಂಗಡಿಗೆ ಹೋಗಿ, ಅಂಗಡಿಯವನ ಎದುರಿಗೇ ಆ ದಾರ ಕತ್ತರಿಸಬೇಕು. ಬೇರೆಯವರ ಕೈಯಲ್ಲಿ ಹೇಳಿ ಕಳಿಸುವಂತಿಲ್ಲ. ಹಾಗೆಂದೇ ಅವನು ಠಾಣೆಯಿಂದ ನೇರ ಮಾರುಕಟ್ಟೆಗೆ ಬಂದು, ತನ್ನನ್ನು ಕೇಳಿದ್ದ ಒಬ್ಬೊಬ್ಬರ ಅಂಗಡಿಗೂ ಹೋದ. ನಾನು ಹೇಳಿದ್ದು ತಪ್ಪು, ಹಾಕಿದ್ದರೆ ಇನ್ನೊಂದು ಕಾಸು ಹಾಕಬೇಡಿ, ಹಾಕಿಲ್ಲದಿದ್ದರೆ ಹಾಕಬೇಡಿ ಎಂದ. ಹಾಕದವರು ಪುಣ್ಯಕ್ಕೆ ಬಚಾವಾದೆವು ಎಂದರು. ಹಾಕಿದವರಲ್ಲಿ ಒಬ್ಬ ಮುಖ ತಿರುಗಿಸಿದ. ಬೇಳೆ ಅಂಗಡಿಯವನು ಒಂದು ಪೈಸೆಯನ್ನೂ ಹಾಕಿರಲಿಲ್ಲ. ಆದರೂ ಹಾಗಾದರೆ ನನ್ನ ತಕ್ಕಡಿ ಸರಿಯಿದೆಯಾ ಎಂದು ಕೇಳಿದ.

ಕೊನೆಗೆ ಮೊಟ್ಟೆಯವನ ಹತ್ತಿರ ಹೋದ. ನಾನು ಕೂತಲ್ಲಿಗೆ ಆ ಅಂಗಡಿ ಕಾಣುತ್ತದೆ, ಮಾತೂ ಕೇಳಿಸುತ್ತದೆ. ಮೊಟ್ಟೆಯವನು ಕೇಳುತ್ತ ಕೇಳುತ್ತ ಎಣಿಸುತ್ತಿದ್ದ ಕೈ ನಿಲ್ಲಿಸಿದ. ಅಷ್ಟೇನೂ ಜೋರಾಗಿಯಲ್ಲದೆ, "ನಮ್ಮಿಬ್ಬರ ನಡುವೆ ವ್ಯವಹಾರ ಇರಲಿಲ್ಲ. ಈಗ ಆಯ್ತು" ಎಂದ. ಮತ್ತೆ ಮೊದಲಿನಿಂದ ಎಣಿಸತೊಡಗಿದ. ಅಂದಿನಿಂದ ಮಾತು ಬಿಟ್ಟಿಲ್ಲ, ಆದರೆ ರೇಗಿಸುವುದಿಲ್ಲ.

ಮುಂದಿನ ಎರಡು ವಾರದಲ್ಲಿ ಹನ್ನೊಂದು ತಕ್ಕಡಿ ಮತ್ತೆ ನೋಡಿಕೊಡು ಎಂದು ಗೂಡಿಗೆ ಬಂದವು. ಹನ್ನೊಂದೂ ಸರಿಯಾಗಿದ್ದವು. ಅವನು ಒಂದಕ್ಕೂ ದುಡ್ಡು ಕೇಳಲಿಲ್ಲ. ಪ್ರತಿಯೊಂದನ್ನೂ ಮೊದಲ ಸಲ ನೋಡುವ ಹಾಗೆ ನೋಡಿದ. ಮೂಟೆ ತೂಗುವ ತಕ್ಕಡಿ ಬಂದರೆ ಈಗ ನಾಲ್ಕು ಮೂಲೆಗೆ ಬಿಡುವುದಿಲ್ಲ. ತೂಕ ಗೊತ್ತಿರುವ ಮೂಟೆಗಳನ್ನು ಅಂಗಡಿಯವರಿಂದ ತರಿಸಿ, ಬೆನ್ನು ಹಿಡಿದುಕೊಳ್ಳುತ್ತ ಪೂರ್ತಿ ಭಾರ ಏರಿಸಿ ನೋಡುತ್ತಾನೆ. ಒಂದು ತಕ್ಕಡಿಗೆ ಅರ್ಧ ದಿನ ಹೋಗುತ್ತದೆ.

ಅಕ್ಕ ಹಾಸ್ಟೆಲಿಗೆ ವಾಪಸು ಹೋಗಿ ಕೇಳಿದಳು. ಇಸ್ತ್ರಿಗೆ ಆಗಲೇ ಬೇರೆಯವಳು ಬಂದಿದ್ದಳು. ಒಗೆದ ಬಟ್ಟೆ ಮಡಚುವ ಕೆಲಸವಿದೆ, ಮೂರು ಸಾವಿರ ಕೊಡುತ್ತೇವೆ ಎಂದರು. ಮಡಚುವುದನ್ನು ಕೂತು ಮಾಡಬಹುದು. ಉಳಿದ ಮೂರು ಸಾವಿರವನ್ನು ತಮ್ಮ ತಿಂಗಳ ಮೊದಲ ದಿನ ಅವಳ ಕೈಗೆ ಕೊಡುತ್ತಾನೆ. ಮೊದಲ ತಿಂಗಳು ಅವಳು ತಗೊಳ್ಳಲಿಲ್ಲ. ತಿಂದವರು ಯಾರೋ, ಕಕ್ಕುವವನು ನೀನ್ಯಾಕೆ ಎಂದಳಂತೆ. ಎರಡನೇ ತಿಂಗಳು ತಗೊಂಡಳು. ಬೇಡವೆನ್ನಲೂ ಶಕ್ತಿ ಬೇಕಲ್ಲ. ಆ ಒಂದು ಲಕ್ಷ ಇಪ್ಪತ್ತು ಬ್ಯಾಂಕಿನಲ್ಲೇ ಇದೆ. ಬಡ್ಡಿ ಬಹಳ ಕಡಿಮೆ. ಅದನ್ನು ಎಲ್ಲಿಡಲಿ ಎಂದು ಅವಳು ಅವನನ್ನು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.

ಆದರೆ ಜನ ಕೇಳುವುದನ್ನು ಬಿಟ್ಟಿಲ್ಲ. ಇದೇ ನನಗೆ ಆಶ್ಚರ್ಯ. ಕಳೆದ ವಾರ ಔಷಧಿ ಅಂಗಡಿಯಲ್ಲಿ ಕೂರುವಾಕೆ ಫೋನು ಹಿಡಿದುಕೊಂಡು ಬಂದಳು. ಇನ್ನೊಂದು ಆ್ಯಪು, ಇನ್ನೊಂದು ಹುಡುಗಿ. ತೂಕದವನು ಕೈಯಲ್ಲಿದ್ದ ತಿರುಪುಳಿ ಕೆಳಗಿಟ್ಟ. ಅವಳ ಫೋನನ್ನು ಮುಟ್ಟಲಿಲ್ಲ. ಅಕ್ಕನ ಇಸ್ತ್ರಿ ಕೆಲಸದಿಂದ ಶುರು ಮಾಡಿ ಪೂರ್ತಿ ಕತೆ ಹೇಳಿದ. ಎಷ್ಟು ಹಾಕಿದ್ದು, ಯಾರ ಮಾತಿನ ಮೇಲೆ ಹಾಕಿದ್ದು, ನಾಲ್ಕು ಫೋನಿನ ಜಾಣತನ, ಎರಡು ನಿಮಿಷದ ನಂಬರು. ನಾನು ಇದನ್ನು ಹತ್ತಿಪ್ಪತ್ತು ಸಲ ಕೇಳಿದ್ದೇನೆ. ತನ್ನ ತಪ್ಪಿನ ಭಾಗವನ್ನು ಅವನು ಒಂದು ಸಲವೂ ಚಿಕ್ಕದು ಮಾಡಿಲ್ಲ, ಬೇಗ ದಾಟಿಲ್ಲ. ಪ್ರತಿ ಸಲ ಹೇಳುವಾಗಲೂ ದನಿ ಅಷ್ಟೇ ಕೆಳಗಿಳಿಯುತ್ತದೆ.

ಆಕೆ ಎಲ್ಲ ಕೇಳಿಸಿಕೊಂಡು, "ಆದರೆ ಇದು ಬೇರೆ ಕಂಪನಿ ಅಲ್ವಾ?" ಎಂದಳು.

"ಬೇರೇನೇ ಇರಬಹುದಮ್ಮ" ಎಂದ. "ಎಷ್ಟು ಬರುತ್ತೆ ಅಂತ ಕೇಳಬೇಡಿ. ನಾಳೆ ಪೂರ್ತಿ ತೆಗೀತೀನಿ ಅಂದರೆ ಏನು ಕೊಡಬೇಕು ಅಂತ ಕೇಳಿ. ಪರವಾನಗಿ ನಂಬರನ್ನ ಅವರು ಕಳಿಸಿದ ಕಾಗದದಲ್ಲಿ ನೋಡಬೇಡಿ, ಅದನ್ನ ಕೊಟ್ಟ ಸರ್ಕಾರದೋರ ಹತ್ತಿರ ಹೋಗಿ ನೋಡಿ. ಹಾಕೋದೇ ಆದ್ರೆ, ಹೋದರೂ ಊಟ ನಿಲ್ಲದಷ್ಟು ಹಾಕಿ."

"ಅಂದರೆ ಹಾಕಬೇಡ ಅಂತೀರಾ?"

"ಹಾಗೆ ಹೇಳೋ ಕೆಲಸ ಬಿಟ್ಟಿದ್ದೀನಿ."

ಅವಳು ಹೋದಳು. ಹಾಕಿದಳೋ ಬಿಟ್ಟಳೋ ತಿಳಿಯದು. ಅವನು ಸ್ವಲ್ಪ ಹೊತ್ತು ಮೆಟ್ಟಿಲ ಅಡಿಯ ಇಳಿಜಾರಿಗೆ ತಲೆ ಆನಿಸಿಕೊಂಡು ಕೂತಿದ್ದ. ಆಮೇಲೆ ನೀರು ಕುಡಿದು, ಬೇಳೆ ಅಂಗಡಿಯವನಿಗೆ, ನಿಮ್ಮ ತಕ್ಕಡಿ ನೋಡಬೇಕು, ಮೂಟೆ ಕಳಿಸಿಕೊಡಿ ಎಂದು ಕೂಗಿ ಹೇಳಿದ.